ಎಚ್‌ಐವಿ ಗುಳಿಗೆ ಚಾಲೂ ಮಾಡಿದ ಮೇಲೆ ಕೆಮ್ಮು-ಜ್ವರ ಬಂತಾ? ಗುಳಿಗೆ ಬಿಡುವ ಮೊದಲು ಇದನ್ನು ಓದಿ

ಚಿಕ್ಕೋಡಿ: ಒಬ್ಬ ಕಿರಾಣಿ ಅಂಗಡಿ ಅಣ್ಣನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇದು ಯಾರೋ ಒಬ್ಬರ ಕಥೆ ಅಲ್ಲ, ತಿಳಿಯಲಿ ಅಂತ ಮಾಡಿಕೊಂಡ ಉದಾಹರಣೆ. ವಯಸ್ಸು ನಲವತ್ತರ ಆಸುಪಾಸು. ವರ್ಷದಿಂದ ಮೈ ಇಳಿಯುತ್ತಾ ಬಂದಿದೆ, ಊಟ ಸೇರುತ್ತಿಲ್ಲ, ಬಾಯಲ್ಲಿ ಬಿಳಿ ಹುಣ್ಣು. ಕೊನೆಗೆ ತಾಲೂಕು ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಎಚ್‌ಐವಿ ಪಾಸಿಟಿವ್ ಬಂತು. ಮನಸ್ಸು ಗಟ್ಟಿ ಮಾಡಿಕೊಂಡು ಸರ್ಕಾರದ ಪುಕ್ಕಟೆ ಗುಳಿಗೆ ಚಾಲೂ ಮಾಡಿದರು. ಮೊದಲ ವಾರ ಆರಾಮ ಅನಿಸಿತು. ಮೂರನೇ ವಾರಕ್ಕೆ ಸಂಜೆ ಜ್ವರ, ಒಣ ಕೆಮ್ಮು, ಕುತ್ತಿಗೆಯಲ್ಲಿ ಗಂಟು.

ಆಗ ಬರುವ ಮೊದಲ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು: "ಅಲ್ರೀ, ಗುಳಿಗಿ ತಗೊಳ್ಳಾಕ ಚಾಲೂ ಮಾಡಿದ ಮ್ಯಾಲೇನ ಜಡ್ಡ ಹೆಚ್ಚಾತ್ರೀ. ಈ ಗುಳಿಗಿ ನನಗ ಆಗೂದಿಲ್ಲ." ಮರುದಿನದಿಂದ ಡಬ್ಬಿ ಕಪಾಟಿನ ಮೂಲೆ ಸೇರುತ್ತದೆ.

ಇಲ್ಲೇ ಜೀವಕ್ಕೆ ಅಪಾಯ. ಗುಳಿಗೆಯಿಂದ ಜಡ್ಡು ಬಂತು ಅಂತ ತಿಳಿದು ಗುಳಿಗೆ ಬಿಟ್ಟವರು ಉಳಿಯುವ ದಾರಿಯನ್ನೇ ಬಿಟ್ಟ ಹಾಗೆ. ನಿಜವಾಗಿ ಒಳಗೆ ಏನಾಗಿರುತ್ತದೆ, ಇದು ಟಿಬಿನಾ, ಟಿಬಿಯ ಹಾಗೆ ಕಾಣುವ ಬೇರೆ ಅಪರೂಪದ ಸೋಂಕಾ, ಯಾವ ಪರೀಕ್ಷೆ ಮಾಡಿಸಬೇಕು, ಎಲ್ಲಿ ತಪ್ಪುತ್ತೇವೆ ಅನ್ನೋದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕಿನ ಓದುಗರಿಗೆ ತಿಳಿಯುವ ಹಾಗೆ ಇಲ್ಲಿ ಬಿಡಿಸಿ ಹೇಳಿದ್ದೇವೆ.

ನಮ್ಮ ಭಾಗಕ್ಕೆ ಇದು ಯಾಕೆ ಮುಖ್ಯ?

ಎಚ್‌ಐವಿ ವಿಷಯದಲ್ಲಿ ಉತ್ತರ ಕರ್ನಾಟಕ ಬಹಳ ಪೆಟ್ಟು ತಿಂದ ಭಾಗ. ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿ 2003ರ ಸುಮಾರಿಗೆ ಜನಸಾಮಾನ್ಯರ ನಡುವೆ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ 100ಕ್ಕೆ ಸುಮಾರು 3 ಮಂದಿಗೆ ಎಚ್‌ಐವಿ ಕಂಡಿತ್ತು. ಪೇಟೆಗಿಂತ ಹಳ್ಳಿಗಳಲ್ಲಿ ಕಡಿಮೆ ಇರುತ್ತದೆ ಅನ್ನೋ ನಂಬಿಕೆಯೂ ಅಲ್ಲಿ ಸುಳ್ಳಾಯಿತು. ಆ ಕಾಲಕ್ಕೆ ಹೋಲಿಸಿದರೆ ಹೊಸ ಸೋಂಕು ಈಗ ಬಹಳ ಇಳಿದಿದೆ. ದೇಶದಲ್ಲಿ ಸರ್ಕಾರಿ ಪುಕ್ಕಟೆ ಎಆರ್‌ಟಿ ಚಿಕಿತ್ಸೆ ಶುರುವಾದದ್ದು 2004ರ ಏಪ್ರಿಲ್ 1ರಂದು. ಮೊದಲು ಸಿಡಿ4 ಲೆಕ್ಕ ಇಳಿದವರಿಗೆ ಮಾತ್ರ ಗುಳಿಗೆ ಕೊಡುತ್ತಿದ್ದರು. 2017ರಿಂದ ಪಾಸಿಟಿವ್ ಬಂದ ಎಲ್ಲರಿಗೂ, ಲೆಕ್ಕ ಎಷ್ಟೇ ಇರಲಿ, ಕೊಡುತ್ತಾರೆ.

ಆದರೂ ಒಂದು ಸಮಸ್ಯೆ ಉಳಿದಿದೆ. ಪರೀಕ್ಷೆಗೆ ಬರುವುದೇ ತಡ. ಮರ್ಯಾದೆಗೆ ಅಂಜಿ, ಅಂಗಡಿ ಗಿರಾಕಿ ಹೋಗ್ತಾರೆ ಅಂತ ಅಂಜಿ, ಮಕ್ಕಳ ಮದುವೆ ನಿಲ್ತದೆ ಅಂತ ಅಂಜಿ ಜನ ವರ್ಷಗಟ್ಟಲೆ ಮುಂದೆ ಹಾಕುತ್ತಾರೆ. ಮೈಯಲ್ಲಿ ಶಕ್ತಿ ಪೂರ್ತಿ ಹೋದ ಮೇಲೆ ಬಂದು ಗುಳಿಗೆ ಚಾಲೂ ಮಾಡುತ್ತಾರೆ. ನಾವು ಇವತ್ತು ಹೇಳುವ ಸಮಸ್ಯೆ ಹೆಚ್ಚಾಗಿ ಕಾಣಿಸುವುದು ಇಂಥ ತಡವಾಗಿ ಬಂದವರಲ್ಲೇ.

ಒಂದೇ ಮನೆತನದ ಕ್ರಿಮಿಗಳು

ಟಿಬಿ ತರುವ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಜಗತ್ತಿಗೆ ತೋರಿಸಿದರು. ಅದಕ್ಕೇ ಆ ದಿನ ವಿಶ್ವ ಟಿಬಿ ದಿನ. ಈ ಕ್ರಿಮಿಯ ಮನೆತನಕ್ಕೆ ಮೈಕೋಬ್ಯಾಕ್ಟೀರಿಯಾ ಅಂತ ಹೆಸರು. ಕುಷ್ಠರೋಗದ ಕ್ರಿಮಿಯೂ ಇದೇ ಮನೆತನದ್ದು, ಅದನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರು.

ಈ ಎರಡನ್ನು ಬಿಟ್ಟು ಮನೆತನದಲ್ಲಿ ಇನ್ನೂ ನೂರಾರು ಮಂದಿ ಇದ್ದಾರೆ. ಇವತ್ತಿನವರೆಗೆ ಗುರುತಿಸಿದ ಜಾತಿಗಳೇ 190ಕ್ಕಿಂತ ಹೆಚ್ಚು. ಇವನ್ನೆಲ್ಲ ಸೇರಿಸಿ ಡಾಕ್ಟರುಗಳು ಎನ್‌ಟಿಎಂ ಅಂತ ಕರೆಯುತ್ತಾರೆ. ಅಂದರೆ 'ಟಿಬಿ ಅಲ್ಲದ ಮೈಕೋಬ್ಯಾಕ್ಟೀರಿಯಾ'. ಇವು ಇರುವುದು ಮಣ್ಣಿನಲ್ಲಿ, ಕೆರೆ-ಹೊಳೆ ನೀರಿನಲ್ಲಿ, ನಳದ ಪೈಪಿನ ಒಳಗೆ ಕಟ್ಟುವ ಲೋಳೆಯಲ್ಲಿ, ಧೂಳಿನಲ್ಲಿ. ಬೇರೆ ಕ್ರಿಮಿ ಸಾಯುವಷ್ಟು ಕ್ಲೋರಿನ್ ಹಾಕಿದರೂ ಇವು ಸುಲಭಕ್ಕೆ ಸಾಯುವುದಿಲ್ಲ. ಹೊಲದಲ್ಲಿ ದುಡಿಯುವವರು, ನೀರು ಕುಡಿಯುವವರು, ಅಂದರೆ ನಾವೆಲ್ಲರೂ ದಿನಾ ಇವುಗಳ ಸಂಪರ್ಕಕ್ಕೆ ಬರುತ್ತೇವೆ. ಶಕ್ತಿ ಇರುವ ಮೈಗೆ ಇವು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ.

ದಕ್ಷಿಣ ಭಾರತದಲ್ಲಿ ಈ ಕ್ರಿಮಿಗಳು ಎಷ್ಟು ಹರಡಿವೆ ಅನ್ನೋದಕ್ಕೆ ಒಂದು ಹಳೆಯ ಉದಾಹರಣೆ ಇದೆ. ತಮಿಳುನಾಡಿನ ಚೆಂಗಲ್‌ಪಟ್ಟು ಭಾಗದಲ್ಲಿ 1968ರಲ್ಲಿ ಬಿಸಿಜಿ ಲಸಿಕೆಯ ದೊಡ್ಡ ಪ್ರಯೋಗ ಶುರುವಾಯಿತು, ಲಕ್ಷಾಂತರ ಜನ ಅದರಲ್ಲಿದ್ದರು. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಲಸಿಕೆ ತಡೆಯಲಿಲ್ಲ ಅಂತ ಫಲಿತಾಂಶ ಬಂತು. ಯಾಕೆ ಅಂತ ಹುಡುಕಿದಾಗ ತಜ್ಞರು ಕೊಟ್ಟ ಕಾರಣಗಳಲ್ಲಿ ಒಂದು, ಅಲ್ಲಿನ ಜನ ಮೊದಲೇ ಮಣ್ಣು-ನೀರಿನ ಈ ಕ್ರಿಮಿಗಳಿಗೆ ಒಗ್ಗಿಹೋಗಿದ್ದರು ಅನ್ನೋದು.

ಶ್ವಾಸಕೋಶಕ್ಕೆ ತೊಂದರೆ ಕೊಡುವ ಎನ್‌ಟಿಎಂಗಳಲ್ಲಿ ಮುಖ್ಯವಾದವು ಮೂರು-ನಾಲ್ಕು. ಮೈಕೋಬ್ಯಾಕ್ಟೀರಿಯಂ ಏವಿಯಂ ಮತ್ತು ಅದರ ಹತ್ತಿರದ ಸಂಬಂಧಿಗಳ ಗುಂಪು, ಇದಕ್ಕೆ ಚಿಕ್ಕದಾಗಿ 'ಮ್ಯಾಕ್' ಅನ್ನುತ್ತಾರೆ. ನಂತರ ಕನ್ಸಾಸಿ, ಇದು ಎಕ್ಸ್‌ರೇಯಲ್ಲಿ ಟಿಬಿಯ ಪಡಿಯಚ್ಚಿನ ಹಾಗೆ ಕಾಣುತ್ತದೆ. ಆಮೇಲೆ ಆಬ್ಸೆಸಸ್, ಇದು ಔಷಧಿಗೆ ಜಗ್ಗದ ಹಟಮಾರಿ.

ಒಂದು ಮಾತು ಸ್ಪಷ್ಟ ಇರಲಿ. ನಮ್ಮ ದೇಶದಲ್ಲಿ ಎಚ್‌ಐವಿ ಇದ್ದವರಿಗೆ ಕೆಮ್ಮು-ಜ್ವರ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಟಿಬಿಯನ್ನೇ. ಎಚ್‌ಐವಿ ಇದ್ದವರಿಗೆ ಟಿಬಿ ಕಾಣಿಸಿಕೊಳ್ಳುವ ಸಾಧ್ಯತೆ ಇತರರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಎನ್‌ಟಿಎಂ ಅಪರೂಪ. ಆದರೆ ಅಪರೂಪ ಅಂತಲೇ ಅದು ಕಣ್ಣು ತಪ್ಪಿಸಿಕೊಳ್ಳುತ್ತದೆ.

ಗುಳಿಗೆ ಚಾಲೂ ಆದ ಮೇಲೇ ಯಾಕೆ?

ನಮ್ಮ ಮೈ ಕಾಯುವ ಬಿಳಿ ರಕ್ತಕಣಗಳಲ್ಲಿ ಸಿಡಿ4 ಅನ್ನೋ ಕಣ ಮುಖ್ಯವಾದದ್ದು. ಆರೋಗ್ಯವಂತರಲ್ಲಿ ರಕ್ತದ ಒಂದು ಸಣ್ಣ ಹನಿಯಷ್ಟರಲ್ಲಿ ಇದು ಸುಮಾರು 500ರಿಂದ 1500 ಇರುತ್ತದೆ. ಎಚ್‌ಐವಿ ಹೊಡೆಯುವುದು ಇದನ್ನೇ. 200ಕ್ಕಿಂತ ಕೆಳಗೆ ಬಂದರೆ ರೋಗ ಮುಂದುವರಿದಿದೆ ಅಂತ ಅರ್ಥ. 50ಕ್ಕಿಂತ ಕೆಳಗೆ ಹೋದರೆ ಮ್ಯಾಕ್‌ನಂಥ ಮಣ್ಣು-ನೀರಿನ ಕ್ರಿಮಿಯೂ ರಕ್ತಕ್ಕೆ ಇಳಿದು ಮೈಯೆಲ್ಲ ಹರಡಬಹುದು.

ಈಗ ಒಂದು ಕಬ್ಬಿನ ಗದ್ದೆ ನೆನಪು ಮಾಡಿಕೊಳ್ಳಿ. ಕಾವಲುಗಾರ ಜ್ವರ ಬಂದು ಗುಡಿಸಲಲ್ಲಿ ಮಲಗಿದ್ದಾನೆ. ರಾತ್ರಿ ಹಂದಿಗಳು ಒಳಗೆ ಹೊಕ್ಕಿವೆ, ಸದ್ದಿಲ್ಲದೆ ಕಬ್ಬು ತಿನ್ನುತ್ತಿವೆ. ಹೊರಗಿನಿಂದ ನೋಡಿದವರಿಗೆ ಗದ್ದೆ ಶಾಂತ. ಕಾವಲುಗಾರ ಆರಾಮಾಗಿ ಎದ್ದು, ನಾಲ್ಕು ಜನರನ್ನು ಕರೆದು, ಪಂಜು ಹಿಡಿದು, ಡಬ್ಬ ಬಡಿಯುತ್ತಾ ಒಳಗೆ ನುಗ್ಗಿದಾಗ ಗದ್ದಲ ಏಳುತ್ತದೆ. ಓಡಾಟದಲ್ಲಿ ಕಬ್ಬೂ ಒಂದಿಷ್ಟು ಮುರಿಯುತ್ತದೆ. ಗದ್ದಲ ಆದದ್ದು ಕಾವಲುಗಾರ ಎದ್ದಾಗ ಅನ್ನೋದು ನಿಜ. ಆದರೆ ಹಂದಿ ತಂದವ ಅವನಲ್ಲ.

ಎಆರ್‌ಟಿ ಗುಳಿಗೆ ಮಾಡುವುದು ಇದನ್ನೇ. ವೈರಸ್ ಇಳಿಯುತ್ತದೆ, ಮಲಗಿದ್ದ ಕಾವಲುಪಡೆ ಏಳುತ್ತದೆ, ಒಳಗೆ ಮೊದಲೇ ಅಡಗಿದ್ದ ಕ್ರಿಮಿಯನ್ನು ಕಂಡು ಜೋರಾಗಿ ದಾಳಿ ಮಾಡುತ್ತದೆ. ಅದರಿಂದ ಜ್ವರ, ಗಂಟು ಊತ, ಕೆಮ್ಮು, ದಮ್ಮು. ಇದಕ್ಕೆ ಡಾಕ್ಟರುಗಳು 'ಐರಿಸ್' ಅಂತ ಚಿಕ್ಕ ಹೆಸರು ಇಟ್ಟಿದ್ದಾರೆ. ಹೆಚ್ಚಾಗಿ ಗುಳಿಗೆ ಚಾಲೂ ಮಾಡಿದ ಮೊದಲ ಕೆಲ ವಾರಗಳಿಂದ ಮೂರು ತಿಂಗಳ ಒಳಗೆ ಕಾಣಿಸುತ್ತದೆ.

ಇದರಲ್ಲಿ ಎರಡು ಬಗೆ:

1. ಅಡಗಿದ್ದದ್ದು ಹೊರಬರುವುದು: ಟಿಬಿ ಅಥವಾ ಎನ್‌ಟಿಎಂ ಒಳಗೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಗುಳಿಗೆ ಚಾಲೂ ಆದ ಮೇಲೆ ಮೊದಲ ಸಲ ಕಾಣಿಸುತ್ತದೆ.

2. ಆರಾಮ ಆಗುತ್ತಿದ್ದದ್ದು ಮತ್ತೆ ಕೆರಳುವುದು: ಟಿಬಿ ಇದೆ ಅಂತ ಗೊತ್ತಾಗಿ ಔಷಧಿ ಚಾಲೂ ಇದೆ, ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ. ಎಚ್‌ಐವಿ ಗುಳಿಗೆ ಸೇರಿಸಿದ ಮೇಲೆ ಜ್ವರ-ಗಂಟು ಮತ್ತೆ ಬರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಟಿಬಿ ಚಿಕಿತ್ಸೆಯಲ್ಲಿದ್ದು ಎಆರ್‌ಟಿ ಚಾಲೂ ಮಾಡಿದವರಲ್ಲಿ 100ಕ್ಕೆ ಸುಮಾರು 18 ಮಂದಿಗೆ ಹೀಗಾಗುತ್ತದೆ. ಇದರಿಂದ ಸಾಯುವವರು ಬಹಳ ಕಡಿಮೆ.

ಎನ್‌ಟಿಎಂನಿಂದ ಹೀಗಾಗುತ್ತದೆ ಅಂತ ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದದ್ದು 1998ರಲ್ಲಿ. ಆಗ ಎಚ್‌ಐವಿಗೆ ಹೊಸ ಜೋರು ಔಷಧಿಗಳು ಬಂದ ಹೊಸತು. ಸಿಡಿ4 50ಕ್ಕಿಂತ ಕೆಳಗೆ ಇದ್ದ ಅಮೆರಿಕದ ಐದು ಮಂದಿ ರೋಗಿಗಳಿಗೆ ಹೊಸ ಔಷಧಿ ಚಾಲೂ ಮಾಡಿದ ಒಂದರಿಂದ ಮೂರು ವಾರದಲ್ಲಿ ಜೋರು ಜ್ವರ ಬಂದು ಗಂಟು ಊದಿಕೊಂಡವು. ಪರೀಕ್ಷೆ ಮಾಡಿದರೆ ಒಳಗೆ ಅಡಗಿದ್ದ ಮ್ಯಾಕ್ ಕ್ರಿಮಿ. ಲ್ಯಾನ್ಸೆಟ್ ಅನ್ನೋ ವೈದ್ಯ ಪತ್ರಿಕೆಯಲ್ಲಿ ಅದು ವರದಿಯಾಯಿತು. ಅಂದರೆ ಅಣ್ಣನ ಕುತ್ತಿಗೆಯ ಗಂಟು ಹೊಸ ಪವಾಡವೂ ಅಲ್ಲ, ಗುಳಿಗೆಯ ವಿಷವೂ ಅಲ್ಲ. ಡಾಕ್ಟರುಗಳಿಗೆ ಇದು ಕಾಲು ಶತಮಾನದಿಂದ ಗೊತ್ತಿರುವ ವಿಷಯ.

ಪರೀಕ್ಷೆಯಲ್ಲಿ ಎಲ್ಲಿ ಗೊಂದಲ ಆಗುತ್ತದೆ

ಕಫ ಪರೀಕ್ಷೆ ಅಂದರೆ ನಮ್ಮಲ್ಲಿ ಹಳೆಯ ಕ್ರಮ, ಗಾಜಿನ ಮೇಲೆ ಕಫ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇಲ್ಲಿ ಮೈಕೋಬ್ಯಾಕ್ಟೀರಿಯಾ ಮನೆತನದ ಎಲ್ಲರೂ ಕೆಂಪು ಕಡ್ಡಿಯ ಹಾಗೆ ಒಂದೇ ತರ ಕಾಣುತ್ತಾರೆ. ಟಿಬಿನೋ ಎನ್‌ಟಿಎಮ್ಮೋ ಕಣ್ಣಿಗೆ ಗೊತ್ತಾಗುವುದಿಲ್ಲ. 'ಕಫ ಪಾಸಿಟಿವ್' ಅಂದ ಕೂಡಲೇ ಟಿಬಿ ಅಂತ ಬರೆದುಬಿಡುವ ಅಪಾಯ ಇದೆ.

ಎರಡನೆಯದು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್. ಟ್ರೂನ್ಯಾಟ್ ನಮ್ಮ ಪಕ್ಕದ ಗೋವಾದ ಕಂಪನಿಯೇ ಮಾಡಿದ್ದು, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು. ಈ ಯಂತ್ರಗಳು ಟಿಬಿ ಕ್ರಿಮಿಯ ಜೀನನ್ನೇ ಹುಡುಕುತ್ತವೆ, ರಿಫಾಂಪಿಸಿನ್ ಔಷಧಿ ಅದಕ್ಕೆ ನಾಟುತ್ತದೋ ಇಲ್ಲವೋ ಅಂತಲೂ ಹೇಳುತ್ತವೆ. ಕೆಲ ಗಂಟೆಗಳ ಕೆಲಸ. ಎಚ್‌ಐವಿ ಇದ್ದವರಿಗೆ ಮೊದಲು ಮಾಡಬೇಕಾದ ಕಫ ಪರೀಕ್ಷೆ ಇದೇ.

ಇಲ್ಲೊಂದು ಸುಳಿವು ಇದೆ. ಸೂಕ್ಷ್ಮದರ್ಶಕದಲ್ಲಿ ಕೆಂಪು ಕಡ್ಡಿ ಧಾರಾಳ ಕಂಡಿವೆ, ಆದರೆ ಸಿಬಿನ್ಯಾಟ್ 'ಟಿಬಿ ಇಲ್ಲ' ಅಂತ ಹೇಳುತ್ತಿದೆ. ಅಂದರೆ ಮನೆತನದವರು ಯಾರೋ ಬಂದಿದ್ದಾರೆ, ಆದರೆ ಟಿಬಿ ಅಲ್ಲ. ಎನ್‌ಟಿಎಂ ಅನುಮಾನ ಬರಬೇಕಾದದ್ದು ಇಲ್ಲಿ. ಇನ್ನೊಂದು ಸುಳಿವು, ಟಿಬಿ ಔಷಧಿಯನ್ನು ತಪ್ಪದೆ ತಗೊಂಡರೂ ತಿಂಗಳುಗಟ್ಟಲೆ ಕಫ ಪಾಸಿಟಿವ್ ಆಗೇ ಇದ್ದರೆ. ಅದನ್ನು 'ಔಷಧಿ ನಾಟದ ಟಿಬಿ' ಅಂತ ತಿಳಿಯುವ ಮೊದಲು ಇದು ಟಿಬಿನೇ ಹೌದಾ ಅಂತ ಇನ್ನೊಮ್ಮೆ ನೋಡಬೇಕು.

ಮೂರನೆಯದು ಕಲ್ಚರ್. ಕಫವನ್ನು ಲ್ಯಾಬಿನಲ್ಲಿ ಇಟ್ಟು ಕ್ರಿಮಿ ಬೆಳೆಸಿ, ಅದು ಯಾವ ಜಾತಿ ಅಂತ ಹೆಸರು ಹಿಡಿಯುವುದು. ಇದಕ್ಕೆ ಆರು ವಾರದವರೆಗೂ ಹಿಡಿಯಬಹುದು. ಈ ಸೌಲಭ್ಯ ತಾಲೂಕಿನಲ್ಲಿ ಇರುವುದಿಲ್ಲ, ಮಾದರಿ ದೊಡ್ಡ ಲ್ಯಾಬಿಗೆ ಹೋಗಬೇಕು. 'ಇನ್ನೂ ರಿಪೋರ್ಟ್ ಬಂದಿಲ್ಲ' ಅಂತ ಬೇಸರ ಮಾಡಿಕೊಂಡು ಬಿಟ್ಟು ಬರಬೇಡಿ. ಆ ಕ್ರಿಮಿ ಬೆಳೆಯುವುದೇ ನಿಧಾನ.

ಕಲ್ಚರ್‌ನಲ್ಲಿ ಒಮ್ಮೆ ಎನ್‌ಟಿಎಂ ಬೆಳೆದ ಮಾತ್ರಕ್ಕೆ ರೋಗ ಇದೆ ಅಂತಲೂ ಅಲ್ಲ. ನೀರಿನಲ್ಲೇ ಇರುವ ಕ್ರಿಮಿ, ಬಾಯಿ ಮುಕ್ಕಳಿಸಿದ ನೀರಿನಿಂದಲೂ ಡಬ್ಬಿಗೆ ಬಂದಿರಬಹುದು. ಹಾಗಾಗಿ ಬೇರೆ ಬೇರೆ ದಿನದ ಕನಿಷ್ಠ ಎರಡು ಕಫದಲ್ಲಿ ಅದೇ ಜಾತಿ ಬೆಳೆಯಬೇಕು, ಲಕ್ಷಣ ಇರಬೇಕು, ಎಕ್ಸ್‌ರೇ ಅಥವಾ ಸ್ಕ್ಯಾನ್‌ನಲ್ಲಿ ಕಲೆ ಇರಬೇಕು. ಮೂರೂ ಕೂಡಿದರೆ ಶ್ವಾಸಕೋಶದ ಎನ್‌ಟಿಎಂ ಅಂತ ಹೇಳುತ್ತಾರೆ. ಮೈಯೆಲ್ಲ ಹರಡಿದ ಮ್ಯಾಕ್ ಅನುಮಾನ ಇದ್ದರೆ ರಕ್ತದ ಕಲ್ಚರ್, ಗಂಟಿನಿಂದ ಸೂಜಿಯಲ್ಲಿ ತೆಗೆದ ಮಾದರಿ ಕೇಳುತ್ತಾರೆ.

ಚಿಕಿತ್ಸೆ ಇದೆಯಾ?

ಇದೆ. ಆದರೆ ಯಾವ ಕ್ರಿಮಿ ಅನ್ನೋದರ ಮೇಲೆ ಔಷಧಿ ಬೇರೆ ಬೇರೆ.

ಟಿಬಿ ಆಗಿದ್ದರೆ ಸರ್ಕಾರಿ ಔಷಧಿ ಪುಕ್ಕಟೆ, ಸಾಮಾನ್ಯ ಟಿಬಿಗೆ ಆರು ತಿಂಗಳು. ಊಟದ ಖರ್ಚಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಬರುವ ದುಡ್ಡು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್, ಎಚ್‌ಐವಿಯ ಈಗಿನ ಮುಖ್ಯ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್ ಅನ್ನೋ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಇಳಿಸುತ್ತದೆ. ಅದಕ್ಕೇ ಎರಡೂ ಒಟ್ಟಿಗೆ ತಗೊಳ್ಳುವವರಿಗೆ 12 ಗಂಟೆ ಬಿಟ್ಟು ಇನ್ನೊಂದು ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಗುಳಿಗೆ ಕೊಡುತ್ತಾರೆ. ಖಾಸಗಿಯಲ್ಲಿ ಟಿಬಿ ಔಷಧಿ ತಗೊಂಡು, ಎಚ್‌ಐವಿ ವಿಷಯ ಮುಚ್ಚಿಟ್ಟರೆ ಈ ಎರಡನೇ ಗುಳಿಗೆ ತಪ್ಪಿ ಹೋಗುತ್ತದೆ. ಮುಚ್ಚಿಟ್ಟದ್ದಕ್ಕೆ ಮೈ ಬೆಲೆ ಕೊಡುತ್ತದೆ.

ಮ್ಯಾಕ್ ಆಗಿದ್ದರೆ ಅಜಿತ್ರೊಮೈಸಿನ್ ಅಥವಾ ಕ್ಲಾರಿತ್ರೊಮೈಸಿನ್ ಜೊತೆಗೆ ಎಥಾಂಬುಟಾಲ್, ಬೇಕಾದಲ್ಲಿ ರಿಫಾಂಪಿಸಿನ್ ಗುಂಪಿನ ಇನ್ನೊಂದು ಔಷಧಿ ಕೂಡಿಸಿ ಕೊಡುತ್ತಾರೆ. ಕಾಲಾವಧಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು. ಕನ್ಸಾಸಿಗೆ ಟಿಬಿಯ ಕೆಲವು ಔಷಧಿಗಳೇ ನಾಟುತ್ತವೆ, ಆದರೆ ಹೆಚ್ಚು ತಿಂಗಳು ಬೇಕು. ಆಬ್ಸೆಸಸ್ ಆದರೆ ಆಸ್ಪತ್ರೆಯಲ್ಲಿ ಸೂಜಿ ಔಷಧಿ ಬೇಕಾಗುತ್ತದೆ. ಅಜಿತ್ರೊಮೈಸಿನ್ ಅಂದರೆ ಗಂಟಲು ನೋವಿಗೆ ಮೆಡಿಕಲ್‌ನಲ್ಲಿ ಕೊಡುವ ಗುಳಿಗೆ ತಾನೇ ಅಂತ ಒಬ್ಬರೇ ಅದೊಂದನ್ನೇ ನುಂಗಬೇಡಿ. ಒಂದೇ ಔಷಧಿ ಕೊಟ್ಟರೆ ಕ್ರಿಮಿ ಅದಕ್ಕೆ ಒಗ್ಗಿಕೊಂಡು, ಆಮೇಲೆ ಮುಖ್ಯ ಔಷಧಿಯೇ ಕೈ ಕೊಡುತ್ತದೆ.

ಇಷ್ಟೆಲ್ಲದರ ನಡುವೆ ಎಆರ್‌ಟಿ ಗುಳಿಗೆ? ನಿಲ್ಲಿಸುವುದಿಲ್ಲ. ಇದೇ ಈ ವರದಿಯ ತಿರುಳು. ಐರಿಸ್ ಆದರೂ ಎಆರ್‌ಟಿ ಮುಂದುವರಿಸುತ್ತಾರೆ, ಅಡಗಿದ್ದ ಸೋಂಕಿಗೆ ಔಷಧಿ ಕೊಡುತ್ತಾರೆ, ಊತ-ಜ್ವರಕ್ಕೆ ನೋವಿನ ಗುಳಿಗೆ, ತೀರಾ ಜೋರಿದ್ದರೆ ಕೆಲ ವಾರ ಸ್ಟೀರಾಯ್ಡ್. ಜೀವಕ್ಕೇ ಅಪಾಯ ಅನ್ನುವ ಅಪರೂಪದ ಸಂದರ್ಭದಲ್ಲಿ ಮಾತ್ರ ತಜ್ಞರು ನಿಲ್ಲಿಸುವ ಯೋಚನೆ ಮಾಡುತ್ತಾರೆ. ಆ ತೀರ್ಮಾನ ರೋಗಿಯದ್ದೂ ಅಲ್ಲ, ಓಣಿಯವರದ್ದೂ ಅಲ್ಲ.

ಗುಳಿಗೆಯಿಂದ ಅಡ್ಡಪರಿಣಾಮ ಆಗೋದೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಮೈಮೇಲೆ ಗುಳ್ಳೆ ಎದ್ದು ಬಾಯಿ-ಕಣ್ಣು ಹುಣ್ಣಾದರೆ, ಕಣ್ಣು ಹಳದಿ ಆದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಎಆರ್‌ಟಿ ಕೇಂದ್ರದ ಡಾಕ್ಟರಿಗೆ ತೋರಿಸಿ. ಬದಲಿ ಗುಳಿಗೆಗಳು ಇವೆ.

ಸೂಜಿ ಮಾಡಿಸಿಕೊಳ್ಳುವ ಚಟ

ನಮ್ಮ ಕಡೆ ಜ್ವರ ಬಂದರೆ 'ಒಂದ ಸೂಜಿ ಮಾಡ್ರಿ' ಅನ್ನೋದು ರೂಢಿ. ಇಲ್ಲಿ ಎರಡು ಅಪಾಯ. ಒಂದು ಸ್ಟೀರಾಯ್ಡ್. ಹಾಕಿದ ದಿನ ಜ್ವರ ಇಳಿಯುತ್ತದೆ, ಊಟ ಸೇರುತ್ತದೆ, 'ಏನ್ ಕೈಗುಣ' ಅನಿಸುತ್ತದೆ. ಒಳಗೆ ಟಿಬಿ ಇದ್ದು ಅದಕ್ಕೆ ಔಷಧಿ ಇಲ್ಲದಿದ್ದರೆ ಕಾವಲುಗಾರನನ್ನು ಮತ್ತೆ ಮಲಗಿಸಿದ ಹಾಗೆ.

ಸ್ಟೀರಾಯ್ಡ್ ಕೆಟ್ಟದ್ದು ಅಂತ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಸಿಡಿ4 100ಕ್ಕಿಂತ ಹೆಚ್ಚಿಲ್ಲದ 240 ಮಂದಿಯ ಮೇಲೆ ಒಂದು ಪ್ರಯೋಗ ಮಾಡಿದರು, ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅವರೆಲ್ಲ ಟಿಬಿ ಔಷಧಿ ತಗೊಳ್ಳುತ್ತಿದ್ದವರು, ಎಆರ್‌ಟಿ ಆಗಷ್ಟೇ ಚಾಲೂ ಮಾಡಿದವರು. ನಾಲ್ಕು ವಾರ ಪ್ರೆಡ್ನಿಸೋನ್ ಕೊಟ್ಟ ಗುಂಪಿನಲ್ಲಿ 100ಕ್ಕೆ ಸುಮಾರು 33 ಮಂದಿಗೆ ಐರಿಸ್ ಆಯಿತು, ಕೊಡದ ಗುಂಪಿನಲ್ಲಿ ಸುಮಾರು 47. ಅಂದರೆ ಸರಿಯಾದ ರೋಗಿಗೆ, ಟಿಬಿ ಔಷಧಿಯ ಜೊತೆಗೆ, ಲೆಕ್ಕ ಹಾಕಿ ಕೊಟ್ಟರೆ ಉಪಯೋಗ ಇದೆ. ರೋಗ ಯಾವುದು ಅಂತ ಗೊತ್ತಿಲ್ಲದೆ ಕೊಟ್ಟರೆ ಅಪಾಯ.

ಎರಡನೆಯದು ಲಿವೊಫ್ಲಾಕ್ಸಾಸಿನ್ ತರದ ಗುಳಿಗೆಗಳು. ಕೆಮ್ಮಿಗೆ ಅಂತ ಕೊಡುವ ಇವು ಟಿಬಿಯನ್ನು ಅರ್ಧ ಹತ್ತಿಕ್ಕುತ್ತವೆ. ಪರೀಕ್ಷೆಯಲ್ಲಿ ಟಿಬಿ ಸಿಗುವುದು ತಡವಾಗುತ್ತದೆ, ಕ್ರಿಮಿಯೂ ಔಷಧಿಗೆ ಒಗ್ಗಿಕೊಳ್ಳುತ್ತದೆ. ಮೆಡಿಕಲ್ ಅಂಗಡಿಯವರಿಗೂ ನಮ್ಮ ವಿನಂತಿ, ಎರಡು ವಾರ ದಾಟಿದ ಕೆಮ್ಮಿಗೆ ಚೀಟಿ ಇಲ್ಲದೆ ಗುಳಿಗೆ ಕೊಡುವ ಬದಲು ಕಫ ಪರೀಕ್ಷೆಗೆ ಕಳಿಸಿ.

ಗಡಿ ಭಾಗದ ತೊಂದರೆ: ಎರಡು ರಾಜ್ಯ, ಎರಡು ಫೈಲ್

ಕಾಗವಾಡ, ಉಗಾರದವರಿಗೆ ಬೆಳಗಾವಿಗಿಂತ ಮಿರಜ್ ಹತ್ತಿರ. ಕುಡಚಿ, ರಾಯಬಾಗದವರು ರೈಲು ಹತ್ತಿದರೆ ಮಿರಜ್. ನಿಪ್ಪಾಣಿಯವರಿಗೆ ಕೊಲ್ಹಾಪುರ. ವಾನ್ಲೆಸ್ ಸಾಹೇಬರು 1894ರಲ್ಲಿ ಆಸ್ಪತ್ರೆ ಕಟ್ಟಿದ ಕಾಲದಿಂದ ಮಿರಜ್ ಅಂದರೆ ಈ ಭಾಗಕ್ಕೆ ದವಾಖಾನೆ ಊರು. ಅದರ ಮೇಲೆ ಯಾರೂ ಗುರುತು ಹಿಡಿಯಬಾರದು ಅಂತ ಬೇಕಂತಲೇ ದೂರ ಹೋಗುವವರೂ ಇದ್ದಾರೆ.

ಹೋಗುವುದು ತಪ್ಪಲ್ಲ. ತಪ್ಪಾಗುವುದು ಹೀಗೆ: ಎಚ್‌ಐವಿ ಗುಳಿಗೆ ಕರ್ನಾಟಕದಲ್ಲಿ, ಕೆಮ್ಮಿಗೆ ಔಷಧಿ ಮಹಾರಾಷ್ಟ್ರದಲ್ಲಿ. ಅಲ್ಲಿನ ಡಾಕ್ಟರಿಗೆ ಎಆರ್‌ಟಿ ಚಾಲೂ ಮಾಡಿದ ತಾರೀಖು ಗೊತ್ತಿಲ್ಲ, ಇಲ್ಲಿನವರಿಗೆ ಅಲ್ಲಿ ಕೊಟ್ಟ ಸೂಜಿ ಗೊತ್ತಿಲ್ಲ. ಐರಿಸ್ ಗುರುತಿಸಲು ಬೇಕಾದ ಮುಖ್ಯ ಮಾಹಿತಿಯೇ ಆ ತಾರೀಖು. ಗುಳಿಗೆ ಎಂದು ಚಾಲೂ ಆಯಿತು, ಆಗ ಸಿಡಿ4 ಎಷ್ಟಿತ್ತು, ಜ್ವರ ಎಂದು ಬಂತು. ಈ ಮೂರು ತಿಳಿದರೆ ಡಾಕ್ಟರ ಅರ್ಧ ಕೆಲಸ ಮುಗಿದ ಹಾಗೆ.

ಕಬ್ಬು ಕಡಿಯಲು ಊರಿಂದೂರಿಗೆ ಹೋಗುವ ಗ್ಯಾಂಗಿನವರು, ಲಾರಿ ಡ್ರೈವರ್‌ಗಳು ಹಸಿರು ಪುಸ್ತಕ, ಚೀಟಿ, ಎಕ್ಸ್‌ರೇ ಎಲ್ಲದರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ದೂರ ಹೋಗುವ ಮೊದಲು ಎಆರ್‌ಟಿ ಕೇಂದ್ರದಲ್ಲಿ ಹೇಳಿದರೆ ಹೆಚ್ಚಿನ ದಿನದ ಗುಳಿಗೆ ಅಥವಾ ಬೇರೆ ಕೇಂದ್ರಕ್ಕೆ ವರ್ಗಾವಣೆ ಬಗ್ಗೆ ಕೇಳಬಹುದು.

ಇದು ಅಂಟುತ್ತದಾ? ಅಂಗಡಿಯವರು ಕೇಳುವ ಪ್ರಶ್ನೆ

ಎಚ್‌ಐವಿ ಕೆಮ್ಮಿನಿಂದ, ಚಹಾದ ಕಪ್ಪಿನಿಂದ, ನೋಟು ಕೊಟ್ಟು ತಗೊಳ್ಳುವುದರಿಂದ, ಕೂಡಿ ಉಣ್ಣುವುದರಿಂದ ಹರಡುವುದಿಲ್ಲ. ತಪ್ಪದೆ ಗುಳಿಗೆ ತಗೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದವರಿಂದ ಸಂಗಾತಿಗೂ ಲೈಂಗಿಕವಾಗಿ ಹರಡುವುದಿಲ್ಲ.

ಎನ್‌ಟಿಎಂ ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ಬರುವುದಿಲ್ಲ. ಅದು ಪರಿಸರದಿಂದ ಬರುತ್ತದೆ.

ಶ್ವಾಸಕೋಶದ ಟಿಬಿ ಮಾತ್ರ ಗಾಳಿಯಲ್ಲಿ ಹರಡುತ್ತದೆ. ಆದರೆ ಸರಿಯಾದ ಔಷಧಿ ಚಾಲೂ ಆದ ಮೇಲೆ ಹರಡುವ ಶಕ್ತಿ ಬೇಗ ಇಳಿಯುತ್ತದೆ. ಪರೀಕ್ಷೆ ಆಗುವವರೆಗೆ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ, ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಿ. ಬೇರೆ ತಾಟು, ಬೇರೆ ಗ್ಲಾಸು ಬೇಕಾಗಿಲ್ಲ.

ಅಂಗಡಿ, ಕಾರ್ಖಾನೆ ನಡೆಸುವವರಿಗೆ ಇನ್ನೊಂದು ಮಾತು. 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಪ್ರಕಾರ ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು ಕಾನೂನುಬಾಹಿರ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಎಚ್‌ಐವಿ ವಿಷಯ ಹೊರಗೆ ಹಾಕಲಿಕ್ಕೂ ಬರುವುದಿಲ್ಲ. ವಾಟ್ಸಪ್ ಗ್ರೂಪಿನಲ್ಲಿ 'ಅವರಿಗೆ ಐತಂತ' ಅಂತ ಹಾಕುವ ಮೊದಲು ಇದು ನೆನಪಿರಲಿ. ಜನ ಪರೀಕ್ಷೆಗೆ ಬರದೆ ಸಾಯುವುದಕ್ಕೆ ಅಂಥ ಮಾತುಗಳೇ ದೊಡ್ಡ ಕಾರಣ.

ನೀರು ಬಿಡೋದಾ?

ಮಣ್ಣು-ನೀರಿನಲ್ಲಿ ಕ್ರಿಮಿ ಇದೆ ಅಂದ ಮೇಲೆ ಹೊಲಕ್ಕೆ ಹೋಗಬಾರದಾ ಅಂತ ಕೇಳುತ್ತೀರಿ. ಹೋಗಿ. ಇವುಗಳಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಿಡಿ4 ಕಡಿಮೆ ಇದ್ದವರು ಕಾಯಿಸಿ ಆರಿಸಿದ ನೀರು ಕುಡಿಯುವುದು ಭೇದಿ-ವಾಂತಿ ತಡೆಯಲು ಒಳ್ಳೆಯದೇ. ಆದರೆ ನಿಜವಾದ ರಕ್ಷಣೆ ಸಿಡಿ4 ಏರುವುದರಲ್ಲಿದೆ. ಮೊದಲೆಲ್ಲ ಸಿಡಿ4 ಬಹಳ ಕಡಿಮೆ ಇದ್ದವರಿಗೆ ಮ್ಯಾಕ್ ಬರದ ಹಾಗೆ ಮುಂಚೆಯೇ ಅಜಿತ್ರೊಮೈಸಿನ್ ಕೊಡುತ್ತಿದ್ದರು. ಈಗ ತಕ್ಷಣ ಎಆರ್‌ಟಿ ಚಾಲೂ ಮಾಡುವವರಿಗೆ ಅದು ಬೇಕಾಗಿಲ್ಲ ಅಂತ ಅಮೆರಿಕದ ಮಾರ್ಗಸೂಚಿಯೇ ಹೇಳುತ್ತದೆ. ಎಆರ್‌ಟಿಯೇ ಎಲ್ಲಕ್ಕಿಂತ ದೊಡ್ಡ ತಡೆ.

ಬೀಡಿ-ಸಿಗರೇಟು ಬಿಡಿ. ಹೊಗೆಯಿಂದ ಅಥವಾ ಹಳೆಯ ಟಿಬಿಯಿಂದ ಹಾಳಾದ ಶ್ವಾಸಕೋಶದಲ್ಲಿ ಎನ್‌ಟಿಎಂ ಸುಲಭವಾಗಿ ಮನೆ ಮಾಡುತ್ತದೆ. ಇದು ಎಚ್‌ಐವಿ ಇಲ್ಲದವರಿಗೂ ಅನ್ವಯ.

ಏನು ಮಾಡಬೇಕು: ಕತ್ತರಿಸಿ ಇಟ್ಟುಕೊಳ್ಳಿ

1. ಎಆರ್‌ಟಿ ಚಾಲೂ ಮಾಡುವ ಮೊದಲೇ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇವುಗಳಲ್ಲಿ ಯಾವುದೊಂದಿದ್ದರೂ ಹೇಳಿ. ಈ ನಾಲ್ಕು ಪ್ರಶ್ನೆಯನ್ನು ಕೇಂದ್ರದಲ್ಲಿ ಪ್ರತಿ ಸಲ ಕೇಳುತ್ತಾರೆ. 'ಏನಿಲ್ರಿ, ಆರಾಮ ಅದೀನಿ' ಅಂತ ಬೇಗ ಹೊರಡಬೇಡಿ.

2. ಚಾಲೂ ಮಾಡಿದ ಮೂರು ತಿಂಗಳೊಳಗೆ ಹೊಸ ಜ್ವರ, ಕೆಮ್ಮು, ಗಂಟು, ಹೊಟ್ಟೆನೋವು ಬಂದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ. ದಮ್ಮು ಹತ್ತಿದರೆ, ಜೋರು ತಲೆನೋವು-ವಾಂತಿ, ಮಂಪರು ಬಂದರೆ ಅದೇ ದಿನ ಹೋಗಿ.

3. ಗುಳಿಗೆ ನೀವಾಗಿ ನಿಲ್ಲಿಸಬೇಡಿ. ಕೋ-ಟ್ರೈಮಾಕ್ಸಜೋಲ್ ಗುಳಿಗೆ ಕೊಟ್ಟಿದ್ದರೆ ಅದನ್ನೂ ಬಿಡಬೇಡಿ, ಅದು ಬೇರೆ ಬಗೆಯ ನ್ಯುಮೋನಿಯಾ ತಡೆಯುತ್ತದೆ.

4. ಕಫಕ್ಕೆ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಆಯಿತಾ ಅಂತ ಕೇಳಿ. ರಿಪೋರ್ಟ್‌ಗಳು ಒಂದಕ್ಕೊಂದು ಹೊಂದದಿದ್ದರೆ, ಅಥವಾ ಔಷಧಿಗೆ ಗುಣ ಕಾಣದಿದ್ದರೆ ಕಲ್ಚರ್‌ಗೆ ಕಳಿಸ್ರಿ ಅಂತ ಕೇಳಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

5. ಟಿಬಿ ಇಲ್ಲ ಅಂತ ಖಚಿತವಾದವರಿಗೆ ಟಿಬಿ ಬರದ ಹಾಗೆ ಪುಕ್ಕಟೆ ತಡೆ ಔಷಧಿ ಇದೆ. ಅದನ್ನು ಪೂರ್ತಿ ಮಾಡಿ.

ಎಚ್‌ಐವಿ ಬಗ್ಗೆ ಏನೇ ಕೇಳಬೇಕಿದ್ದರೂ ಪುಕ್ಕಟೆ ಸಹಾಯವಾಣಿ 1097. ಟಿಬಿಗೆ 1800-11-6666. ಹೆಸರು ಹೇಳದೆಯೂ ಮಾತಾಡಬಹುದು.

ಈಗ ನಮ್ಮ ಕಿರಾಣಿ ಅಂಗಡಿ ಅಣ್ಣನ ವಿಷಯ. ಮೂರನೇ ವಾರ ಜ್ವರ ಬಂದಾಗ ಅವರ ಮುಂದೆ ಎರಡು ದಾರಿ. ಒಂದು, ಡಬ್ಬಿ ಮೂಲೆಗೆ ಎಸೆದು ಸೂಜಿ ಮಾಡಿಸಿಕೊಂಡು ಬರುವುದು. ಇನ್ನೊಂದು, ಅದೇ ಡಬ್ಬಿ ಚೀಲದಲ್ಲಿ ಇಟ್ಟುಕೊಂಡು ಬೆಳಗಿನ ಬಸ್ಸಿಗೆ ಎಆರ್‌ಟಿ ಕೇಂದ್ರಕ್ಕೆ ಹೋಗಿ, "ಸಿಸ್ಟರ್, ಗುಳಿಗಿ ಬಿಟ್ಟಿಲ್ರೀ, ಆದ್ರ ಜ್ವರ ಬಂದಾವ, ಕುತ್ಗ್ಯಾಗ ಗಂಟ ಆಗೇತಿ" ಅಂತ ಹೇಳುವುದು. ಎರಡನೇ ದಾರಿ ಹಿಡಿದವರಿಗೆ ಪರೀಕ್ಷೆ ಇದೆ, ಔಷಧಿ ಇದೆ, ಆರು ತಿಂಗಳೋ ಒಂದು ವರ್ಷವೋ ಕಷ್ಟಪಟ್ಟ ಮೇಲೆ ಮತ್ತೆ ಗಲ್ಲಾ ಪೆಟ್ಟಿಗೆ ಮುಂದೆ ಕೂರುವ ದಿನವೂ ಇದೆ.

ನಿಮ್ಮ ಓಣಿಯಲ್ಲಿ, ನಿಮ್ಮ ಸಂಬಂಧಿಕರಲ್ಲಿ ಯಾರಾದರೂ 'ಗುಳಿಗಿ ಬಿಟ್ಟೀನಿ' ಅಂತ ಹೇಳಿದರೆ ಬೈಯಬೇಡಿ, ಊರಿಗೆ ಹೇಳಬೇಡಿ. ಜೊತೆಗೆ ಬಸ್ ಹತ್ತಿ.

(ಇದು ತಿಳಿವಳಿಕೆಗಾಗಿ ಬರೆದ ವರದಿ. ಔಷಧಿ, ಪ್ರಮಾಣ ಎಲ್ಲವನ್ನೂ ನಿಮ್ಮ ಡಾಕ್ಟರ ಸಲಹೆ ಮೇಲೆಯೇ ತೀರ್ಮಾನಿಸಿ.)